ಇಂಗ್ಲೆಂಡಿಗೆ ಬಂದವರಿಗೆ: ಮನಸ್ಸು ಕುಗ್ಗಿದಾಗ ಎಲ್ಲಿ ಕೇಳಬೇಕು

ಬಂದ ವಾರವೇ ಮನೆ ಹತ್ತಿರದ ಜಿಪಿ, ಅಂದರೆ ಸ್ಥಳೀಯ ಡಾಕ್ಟರ ಬಳಿ ಹೆಸರು ಬರೆಸಿ. ಅದಾದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ 'ಟಾಕಿಂಗ್ ಥೆರಪೀಸ್'ಗೆ, ಅಂದರೆ ಮಾತಿನ ಮೂಲಕ ಕೊಡುವ ಮನಸ್ಸಿನ ಚಿಕಿತ್ಸೆಗೆ, ನೀವೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಡಾಕ್ಟರ ಚೀಟಿ ಬೇಡ, ದುಡ್ಡೂ ಇಲ್ಲ. ಇದು ಇಂಗ್ಲೆಂಡಿಗೆ ಮಾತ್ರ. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ವ್ಯವಸ್ಥೆ ಬೇರೆ.

ಮೊದಲು ಒಬ್ಬರು, ಹೆಚ್ಚಾಗಿ ಫೋನಿನಲ್ಲೇ, ಮಾತಾಡಿಸುತ್ತಾರೆ. ಕಳೆದ 2 ವಾರ ನಿದ್ದೆ ಹೇಗಿತ್ತು, ಊಟ ಸೇರಿತಾ ಎಂದೆಲ್ಲ ಕೇಳುತ್ತಾರೆ. ಆಮೇಲೆ ಹಲವರಿಗೆ ಆನ್‌ಲೈನ್ ಪಾಠಗಳನ್ನು ಕೊಡುತ್ತಾರೆ. ಮನೆಯಲ್ಲೇ ಓದಿ, ಬರೆದು, ಅಭ್ಯಾಸ ಮಾಡಬೇಕು. ನಡುನಡುವೆ ಥೆರಪಿಸ್ಟ್ ವಿಚಾರಿಸುತ್ತಾರೆ.

ವೀಸಾಕ್ಕೆ ತೊಂದರೆ ಆಗುತ್ತಾ, ಆಫೀಸಿಗೆ ಗೊತ್ತಾಗುತ್ತಾ ಎಂದು ನಮ್ಮವರು ಹೆದರುತ್ತಾರೆ. ಥೆರಪಿ ತೆಗೆದುಕೊಂಡರೆಂದು ವೀಸಾ ಹೋಗುವುದಿಲ್ಲ. ಜೀವಕ್ಕೆ ಅಪಾಯವಿದೆ ಅನ್ನಿಸಿದರೆ ಬೇರೆ ಮಾತು, ಇಲ್ಲವಾದರೆ ಆಫೀಸಿಗೂ ಮನೆಯವರಿಗೂ ಸುದ್ದಿ ಹೋಗದು. ನಿಮ್ಮಲ್ಲಿ ಹೆಚ್ಚಿನವರು ವೀಸಾ ಜೊತೆ ಆರೋಗ್ಯ ಶುಲ್ಕ ಕಟ್ಟಿಯೇ ಬಂದವರು. ಸಂಕೋಚ ಯಾಕೆ?

ಇಲ್ಲಿ ನೆಲೆಸಿರುವ ನಮಗೂ ಕೆಲಸವಿದೆ. ವಾಟ್ಸಾಪ್ ಗುಂಪಿಗೆ ಲಿಂಕ್ ಹಾಕಿ ಸುಮ್ನಾದರೆ ಸಾಲದು. ನೂರು ಜನರ ಮುಂದೆ ಯಾರು ತಾನೇ ಬಾಯಿ ಬಿಡುತ್ತಾರೆ? ಬೆಂಗಳೂರಿನ ಕೆಲಸ ಬಿಟ್ಟು ಗಂಡನ ಜೊತೆ ಬಂದ ಹುಡುಗಿ 'ತಲೆನೋವು, ಅಡುಗೆ ಮಾಡೋಕೂ ಮನಸ್ಸಿಲ್ಲ' ಅನ್ನುತ್ತಾಳೆ, ಅಷ್ಟೇ. ಡಿಸೆಂಬರ್‌ನಲ್ಲಿ ಸಂಜೆ 4ಕ್ಕೇ ಕತ್ತಲು, ಮನೆಯಲ್ಲಿ ಒಬ್ಬಳೇ. ಊರಲ್ಲಾಗಿದ್ದರೆ ಮುಖ ನೋಡಿಯೇ ಪಕ್ಕದ ಮನೆಯ ಅಜ್ಜಿ 'ಯಾಕಮ್ಮಾ, ಏನಾಯ್ತು?' ಅನ್ನುತ್ತಿದ್ದರು. ಇಲ್ಲಿ ಹಾಗೆ ಕೇಳುವವರಿಲ್ಲ. ಅಂಥವರನ್ನು ಮನೆಗೆ ಕರೆಯಿರಿ. ಕಾಫಿ ಕೊಟ್ಟು, ಪಕ್ಕದಲ್ಲಿ ಕೂತು ಅರ್ಜಿ ತುಂಬಲು ನೆರವಾಗಿ.

ಅಪ್ಪ ಅಮ್ಮ ಇಲ್ಲೇ ಬಂದು ನೆಲೆಸಿದ್ದರೆ, ಅರ್ಜಿ ಹಾಕುವಾಗಲೇ ಕನ್ನಡ ದುಭಾಷಿ ಬೇಕೆಂದು ಹೇಳಿ. ಅದಕ್ಕೂ ಹಣ ಕೊಡಬೇಕಿಲ್ಲ. ದಯವಿಟ್ಟು ಮಕ್ಕಳನ್ನು ಮಧ್ಯೆ ಕೂರಿಸಬೇಡಿ. ಅಜ್ಜಿಯ ದುಃಖವನ್ನು ಹತ್ತು ವರ್ಷದ ಮಗು ಅಪರಿಚಿತರಿಗೆ ಇಂಗ್ಲಿಷಿನಲ್ಲಿ ಹೇಳಬೇಕಾ? ಎಷ್ಟೋ ಮಕ್ಕಳ ಕನ್ನಡ 'ಊಟ ಆಯ್ತಾ' ಅನ್ನುವಲ್ಲಿಗೇ ನಿಂತುಹೋಗಿದೆ. ಅಜ್ಜಿ ಅದಕ್ಕೂ ಕೊರಗುತ್ತಿರುತ್ತಾರೆ.

ಊರಲ್ಲಿ ಒಂಟಿಯಾಗಿರುವ ಹಿರಿಯರಿಗೆ 14416 ಬರೆದುಕೊಡಿ. ಅದು 2022ರಲ್ಲಿ ಶುರುವಾದ ಟೆಲಿ ಮಾನಸ್, ಭಾರತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು.

ಪರಿಸ್ಥಿತಿ ಕೈಮೀರುತ್ತಿದ್ದರೆ ಆನ್‌ಲೈನ್ ಪಾಠಕ್ಕೆ ಕಾಯಬೇಡಿ. ಇಂಗ್ಲೆಂಡಿನಲ್ಲಿ ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಕರೆ ಮಾಡಿ, ಮಾನಸಿಕ ಆರೋಗ್ಯದ ನೆರವಿಗೆ 2 ಒತ್ತಿ. ಜೀವಕ್ಕೆ ಅಪಾಯವಿದ್ದರೆ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಿ. ಉಳಿದವರು ಅರ್ಜಿ ಹಾಕಿ ಕೆಲವು ವಾರ ಕಾಯಬೇಕಾಗಬಹುದು. ಜಾಸ್ತಿ ಜನ ಕೈಬಿಡುವುದು ಆಗಲೇ ಅನ್ನೋದು ನನ್ನ ಅನಿಸಿಕೆ. ಅರ್ಜಿ ತುಂಬಿಸಿದವರೇ ಆ ದಿನಗಳಲ್ಲೂ ಫೋನ್ ಮಾಡುತ್ತಿರಿ.