‘ಸೆರಗಿನ ಸೊಬಗು’ ಎಂದು ಗೂಗಲ್‌ನಲ್ಲಿ ಯಾರು ಹುಡುಕುತ್ತಾರೆ?

ಪರಿಚಯದವರೊಬ್ಬರು ಇಳಕಲ್ ಸೀರೆ ಮಾರಲು ವೆಬ್‌ಸೈಟ್ ಮಾಡಿಸಿದ್ದರು. ಫೋಟೊಗಳು ಚೆನ್ನಾಗಿದ್ದವು, ಬೆಲೆಯೂ ಜಾಸ್ತಿ ಇರಲಿಲ್ಲ. ಆದರೆ ಗೂಗಲ್‌ನಲ್ಲಿ ಹುಡುಕಿದರೆ ಅಂಗಡಿಯ ಪತ್ತೆಯೇ ಇಲ್ಲ. ಸೈಟ್ ತೆರೆದು ಬ್ರೌಸರ್‌ನ ಟ್ಯಾಬ್ ನೋಡಿದೆ. ‘ಹೋಮ್’ ಎಂದಷ್ಟೇ ಇತ್ತು. ಸೀರೆಗಳ ಪುಟಕ್ಕೆ ‘ಸೆರಗಿನ ಸೊಬಗು’ ಎಂಬ ಹೆಸರು. ಪುರವಣಿಯಲ್ಲಾದರೆ ನಾನೂ ಇದೇ ತಲೆಬರಹ ಕೊಡುತ್ತಿದ್ದೆನೇನೋ. ಆದರೆ ಸೀರೆ ಬೇಕಾದವರು ಹೀಗೆ ಟೈಪ್ ಮಾಡುವುದಿಲ್ಲ, ಅಲ್ವಾ?

ಟ್ಯಾಬ್‌ನ ಮೇಲೆ ಕಾಣುವ ಆ ಸಾಲೇ ಟೈಟಲ್ ಟ್ಯಾಗ್, ಅಂದರೆ ಪುಟದ ಶೀರ್ಷಿಕೆ. ಪುಟದೊಳಗೆ ದಪ್ಪಕ್ಷರದಲ್ಲಿರುವ ತಲೆಬರಹ ಬೇರೆ, ಇದು ಬೇರೆ. ಗೂಗಲ್‌ನಲ್ಲಿ ಹುಡುಕಿದಾಗ ಜನ ಒತ್ತುವ ಸಾಲು ಬಹುಮಟ್ಟಿಗೆ ಇದೇ. ಸೈಟ್ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ಎಸ್‌ಇಒ ಪ್ಲಗಿನ್ (ಹುಡುಕಾಟದಲ್ಲಿ ಪುಟ ಚೆನ್ನಾಗಿ ಕಾಣಲು ನೆರವಾಗುವ ಸೇರ್ಪಡೆ) ಹಾಕಿಕೊಂಡರೆ ಇದನ್ನು ಪ್ರತ್ಯೇಕವಾಗಿ ಬರೆಯಬಹುದು.

ಮೊದಲು ಗಿರಾಕಿಯ ಪದ ಹಿಡಿಯಿರಿ. ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೇ. ಗೂಗಲ್‌ನಲ್ಲಿ ‘ಇಳಕಲ್ ಸೀರೆ’ ಎಂದು ಟೈಪ್ ಮಾಡಿ ಸುಮ್ನೆ ನಿಲ್ಲಿಸಿ. ಕೆಳಗೆ ಬರುವ ಸಲಹೆಗಳನ್ನು ಬರೆದಿಟ್ಟುಕೊಳ್ಳಿ. ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲೂ ಮಾಡಿ ನೋಡಿ. ಕನ್ನಡಿಗರಲ್ಲೇ ಎಷ್ಟೋ ಜನ ಹಾಗೆ ಹುಡುಕುತ್ತಾರೆ. ಇಳಕಲ್, ಇಲಕಲ್, ಇಳಕಲ್ಲ ಎಂದು ಬರೆಯುವ ರೀತಿಯೂ ಹಲವು. ಶೀರ್ಷಿಕೆಯಲ್ಲಿ ಒಂದನ್ನು ಇಡಿ, ಉಳಿದವು ಪುಟದ ಬರಹದಲ್ಲಿ ಸಹಜವಾಗಿ ಬಂದರೆ ಸಾಕು. ಸೈಟ್ ಹಳೆಯದಾಗಿದ್ದರೆ ಗೂಗಲ್ ಸರ್ಚ್ ಕನ್ಸೋಲ್ ಇದೆ, ಉಚಿತ. ಏನು ಹುಡುಕಿದವರಿಗೆ ನಿಮ್ಮ ಪುಟ ಕಂಡಿತು, ಅವರಲ್ಲಿ ಎಷ್ಟು ಜನ ಒತ್ತಿದರು ಎಂಬುದು ಅಲ್ಲಿ ಸಿಗುತ್ತದೆ.

ಮುಖ್ಯ ಪದ ಮುಂದೆ, ಅಂಗಡಿಯ ಹೆಸರು ಹಿಂದೆ. ‘ಇಳಕಲ್ ರೇಷ್ಮೆ ಸೀರೆ: ಟೋಪ್ ತೆನಿ ಸೆರಗು, ಕೈಮಗ್ಗ’ ಎಂದರೆ ಏನು ಸಿಗುತ್ತದೆಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಸೀರೆ ಪವರ್‌ಲೂಮ್‌ನದಾಗಿದ್ದರೆ ‘ಕೈಮಗ್ಗ’ ಎಂದು ಖಂಡಿತ ಬರೆಯಬೇಡಿ.

ಉದ್ದಕ್ಕೆ ಅಕ್ಷರ ಎಣಿಸಬೇಡಿ. ‘60 ಅಕ್ಷರ ಮೀರಬಾರದು’ ಎಂಬ ಸಲಹೆ ಎಲ್ಲೆಲ್ಲೂ ಓಡಾಡುತ್ತದೆ. ಅದು ಇಂಗ್ಲಿಷ್ ಅಕ್ಷರಗಳ ಲೆಕ್ಕ. ಗೂಗಲ್ ಅಂಥ ಮಿತಿ ಇಟ್ಟಿಲ್ಲ. ಪರದೆಯಲ್ಲಿ ಜಾಗ ಮುಗಿದಲ್ಲಿ ಕತ್ತರಿಸಿ ಚುಕ್ಕಿ ಹಾಕುತ್ತದೆ. ನಮ್ಮ ಅಕ್ಷರಗಳೋ ಅಗಲ. ಹಾಗಾಗಿ ಹೇಳಬೇಕಾದ್ದನ್ನು ಮೊದಲ ನಾಲ್ಕೈದು ಪದಗಳಲ್ಲೇ ಹೇಳಿ, ಆಮೇಲೆ ನಿಮ್ಮ ಫೋನಿನಲ್ಲಿ ಹುಡುಕಿ ನೋಡಿ.

ಒಂದೇ ಪದವನ್ನು ಜಪಿಸಬೇಡಿ. ‘ಇಳಕಲ್ ಸೀರೆ, ಇಳಕಲ್ ಸೀರೆ ಬೆಲೆ, ಇಳಕಲ್ ಸೀರೆ ಆನ್‌ಲೈನ್’ ಎನ್ನುವುದು ಬಸ್ ಸ್ಟ್ಯಾಂಡಿನಲ್ಲಿ ‘ಹುಬ್ಬಳ್ಳಿ ಹುಬ್ಬಳ್ಳಿ ಹುಬ್ಬಳ್ಳಿ’ ಎಂದು ಕೂಗಿದ ಹಾಗೆ. ಅಲ್ಲಿ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ಶೀರ್ಷಿಕೆ ಸರಿಯಿಲ್ಲ ಎನಿಸಿದರೆ ಗೂಗಲ್ ತಾನೇ ಬೇರೆ ಸಾಲು ತೋರಿಸುತ್ತದೆ. ಇದಕ್ಕೆ ಹೊಸ ವ್ಯವಸ್ಥೆ ತಂದಿರುವುದಾಗಿ 2021ರ ಆಗಸ್ಟ್‌ನಲ್ಲಿ ಅದು ಹೇಳಿತು. ಮರು ತಿಂಗಳು, ಸುಮಾರು ಶೇ 87ರಷ್ಟು ಸಲ ಟೈಟಲ್ ಟ್ಯಾಗನ್ನೇ ಬಳಸುತ್ತೇವೆ ಎಂದಿತು. ಉಳಿದ ಸಲ ಪುಟದ ದೊಡ್ಡ ತಲೆಬರಹವನ್ನು ಎತ್ತಿಕೊಂಡರೂ ಎತ್ತಿಕೊಂಡೀತು. ಅಲ್ಲಿ ‘ಸೆರಗಿನ ಸೊಬಗು’ ಕೂತಿದ್ದರೆ ಮತ್ತೆ ಅದೇ ಕಥೆ. ಎರಡೂ ಒಂದೇ ವಿಷಯ ಹೇಳಲಿ.

ಪ್ರತಿ ಪುಟಕ್ಕೂ ಬೇರೆ ಶೀರ್ಷಿಕೆ ಕೊಡಿ. ನಲವತ್ತು ಸೀರೆಗೂ ಒಂದೇ ಸಾಲು ಅಂಟಿಸಿದರೆ ಯಾವುದು ಯಾವುದೆಂದು ಗೂಗಲ್‌ಗೂ ತಿಳಿಯದು, ಗಿರಾಕಿಗೂ ತಿಳಿಯದು. ಬಣ್ಣ, ನೂಲು, ದಡಿ ಸೇರಿಸಿದರೆ ಆಯಿತು: ‘ಹಸಿರು ಹತ್ತಿ ಇಳಕಲ್ ಸೀರೆ, ಗೋಮಿ ದಡಿ’.

ಬದಲಿಸಿದ್ದು ಮರುದಿನವೇ ಕಾಣಲಿಕ್ಕಿಲ್ಲ. ಗೂಗಲ್ ಮತ್ತೆ ಪುಟಕ್ಕೆ ಬಂದು ಓದಬೇಕು. ಕೆಲವು ದಿನ, ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ. ಸರ್ಚ್ ಕನ್ಸೋಲ್‌ನಲ್ಲಿ ಪುಟದ ವಿಳಾಸ ಹಾಕಿ ಮತ್ತೆ ಓದುವಂತೆ ಕೋರಬಹುದು. ಒಂದು ತಿಂಗಳು ಕೈ ಹಚ್ಚದೆ ಬಿಟ್ಟು, ಒತ್ತಿದವರ ಸಂಖ್ಯೆಯನ್ನು ಹಿಂದಿನ ತಿಂಗಳಿನದಕ್ಕೆ ಹೋಲಿಸಿ. ಶೀರ್ಷಿಕೆಯೊಂದರಿಂದಲೇ ಮೊದಲ ಸ್ಥಾನಕ್ಕೆ ಏರಿಸುತ್ತೇನೆ ಎನ್ನುವವರಿಗೆ ಮಾತ್ರ ದುಡ್ಡು ಕೊಡಬೇಡಿ.

ನಮ್ಮ ಪರಿಚಯದವರಿಗೆ ‘ಸೆರಗಿನ ಸೊಬಗು’ ಬಿಡಲು ಮನಸ್ಸಾಗಲಿಲ್ಲ. ಈಗ ಅದು ಅಂಗಡಿಯ ಕೈಚೀಲದ ಮೇಲಿದೆ.