ಕೈಮರದ ಏರಿನಲ್ಲಿ ಕೈಕೊಟ್ಟ ಎಡ ಸಿಲಿಂಡರ್

ಚಿಕ್ಕಮಗಳೂರಿನಿಂದ ಹೊರಟು ಕೈಮರ ದಾಟಿ, ನಿಜವಾದ ಏರು ಶುರುವಾಗುವಲ್ಲಿ ನನ್ನ ಹಳೆಯ ರಾಜದೂತ್ 350 ಬೈಕ್ ಕುಂಟತೊಡಗಿತು. ಎರಡು ಸಿಲಿಂಡರಿನ ಗಾಡಿ ಒಂದನ್ನು ಕೈಬಿಟ್ಟರೆ ಕಿವಿಗಿಂತ ಮೊದಲು ತೊಡೆಗೆ ಗೊತ್ತಾಗುತ್ತದೆ. ಟ್ಯಾಂಕ್ ಅದುರುತ್ತದೆ. ಎಳೆತ ಅರ್ಧಕ್ಕೂ ಕೆಳಗೆ ಇಳಿಯುತ್ತದೆ, ಏಕೆಂದರೆ ಉಳಿದ ಸಿಲಿಂಡರ್ ಗಾಡಿಯ ಜೊತೆಗೆ ಸತ್ತ ಜೋಡಿಯನ್ನೂ ಹೊತ್ತು ಏರಬೇಕು. ಜಡಿಮಳೆ ಹಿಡಿದಿತ್ತು. ಒಂದೆರಡು ತಿರುವು ಹಾಗೆಯೇ ಏರಿಸಿ, ನಿಲ್ಲಿಸಿ ಬಗ್ಗಿ ನೋಡಿದೆ. ಬಲಗಡೆ ಸೈಲೆನ್ಸರಿನ ಬೆಂಡಿನ ಮೇಲೆ ಬಿದ್ದ ಹನಿ ಚುಯ್ ಎಂದು ಹಬೆಯಾಗುತ್ತಿತ್ತು, ಎಡಗಡೆಯದು ಸುಮ್ಮನೆ ನೆನೆಯುತ್ತಿತ್ತು. ಯಾವುದು ಕೆಲಸ ಬಿಟ್ಟಿದೆ ಎಂದು ತಿಳಿಯಲು ಅಷ್ಟು ಸಾಕಾಯಿತು. ಏಕೆ ಬಿಟ್ಟಿದೆ ಎಂದು ತಿಳಿಯಲು ಹನ್ನೊಂದು ದಿನ ಹಿಡಿಯಿತು.

1983ರಲ್ಲಿ ಮಾರುಕಟ್ಟೆಗೆ ಬಂದ ಈ 347 ಸಿಸಿಯ ಟೂ ಸ್ಟ್ರೋಕ್ ಗಾಡಿಯಲ್ಲಿ ಒಂದು ಅನುಕೂಲವಿದೆ. ಕಾರ್ಬೊರೇಟರ್ ಎರಡು, ಪಾಯಿಂಟ್ ಎರಡು, ಕಾಯಿಲ್ ಎರಡು, ಸೈಲೆನ್ಸರ್ ಎರಡು. ಪಾಯಿಂಟ್ ಎಂದರೆ ತೆರೆದು ಮುಚ್ಚುವ ಪುಟ್ಟ ಸ್ವಿಚ್. ಅದು ತೆರೆದ ಗಳಿಗೆಯಲ್ಲಿ ಕಾಯಿಲ್ ಪ್ಲಗ್ಗಿಗೆ ಕಿಡಿ ಕಳಿಸುತ್ತದೆ. ಕೆಟ್ಟದ್ದರ ಪಕ್ಕದಲ್ಲೇ ಸರಿಯಾದದ್ದು ಕುಳಿತಿರುತ್ತದೆ. ಅದಲು ಬದಲು ಮಾಡಿ, ರೋಗವೂ ಜೊತೆಗೆ ಪಕ್ಕಕ್ಕೆ ಹೋಯಿತೇ ಎಂದು ನೋಡಬೇಕು, ಅಷ್ಟೆ.

ಮರುದಿನ ಮನೆಯಂಗಳದಲ್ಲಿ ಕಿಕ್ ಹೊಡೆದರೆ ಎರಡೂ ಸಿಲಿಂಡರ್ ಸದ್ದೆತ್ತಿದವು. ಮಿಸ್ಸಿಂಗ್ ಎಂಬುದೇ ಇಲ್ಲ. ಮಳೆಯ ತಲೆಗೆ ಕಟ್ಟಿ ಸುಮ್ಮನಾಗಬಹುದಿತ್ತು, ಆದರೆ ಬಿಸಿಲು ಬಂದ ದಿನವೂ ಅದೇ ಏರಿನಲ್ಲಿ ಅದೇ ಕುಂಟು. ಪ್ಲಗ್ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ಮತ್ತೆ ಏರಿದೆ. ಎಡವೇ ಸತ್ತಿತು. ಆಮೇಲೆ ಟ್ಯಾಂಕ್ ಎತ್ತಿ ಕಾಯಿಲ್‌ಗಳನ್ನು ಅಡ್ಡ ಜೋಡಿಸಿದೆ: ಎಡ ಪಾಯಿಂಟಿನ ತಂತಿ ಬಲ ಕಾಯಿಲಿಗೆ, ಆ ಕಾಯಿಲಿನ ಪ್ಲಗ್ ವೈರ್ ಎಡ ಸಿಲಿಂಡರಿಗೆ, ಇನ್ನೊಂದನ್ನೂ ಹಾಗೆಯೇ. ಎರಡೂ ತುದಿ ಬದಲಿಸಬೇಕು, ಒಂದನ್ನೇ ಬದಲಿಸಿದರೆ ಕಿಡಿ ತಪ್ಪು ಹೊತ್ತಿಗೆ ಬರುತ್ತದೆ. ಆಗಲೂ ಸತ್ತದ್ದು ಎಡವೇ. ಅಂದರೆ ಪ್ಲಗ್, ಕ್ಯಾಪ್, ಪ್ಲಗ್ ವೈರ್, ಕಾಯಿಲ್ ನಾಲ್ಕೂ ನಿರಪರಾಧಿಗಳು. ಗೇಜ್ ಹಾಕಿ ನೋಡಿದರೆ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಎರಡರಲ್ಲೂ ಸಮ.

ಇಲ್ಲಿಯವರೆಗೆ ನನ್ನ ದಾರಿ ಸರಿಯಾಗಿಯೇ ಇತ್ತು. ಮುಂದೆ ಎಡವಿದೆ.

ಏರಿನಲ್ಲಿ ಮಿಸ್ಸಿಂಗ್ ಶುರುವಾದ ಕೂಡಲೇ ಕ್ಲಚ್ ಹಿಡಿದು, ಕೀ ಆಫ್ ಮಾಡಿ, ಗಾಡಿಯನ್ನು ಪಕ್ಕಕ್ಕೆ ಹೊರಳಿಸಿ ಪ್ಲಗ್ ಬಿಚ್ಚಿದ್ದೆ. ಮನೆಗೆ ಬಂದು ಬಿಚ್ಚಿದರೆ ಅದು ಮನೆಯ ಕಥೆ ಹೇಳುತ್ತದೆ, ಏರಿನ ಕಥೆಯನ್ನಲ್ಲ. ಎಡ ಪ್ಲಗ್ ಕಪ್ಪಾಗಿ, ಒದ್ದೆಯಾಗಿ, ಪೆಟ್ರೋಲ್ ವಾಸನೆ ಹೊಡೆಯುತ್ತಿತ್ತು. ನಾನು ಅದನ್ನು ‘ಎಣ್ಣೆ ಹೆಚ್ಚಾಗಿದೆ’ ಎಂದು ಓದಿಕೊಂಡೆ. ಎಂಜಿನ್ನಿಗೆ ಎಣ್ಣೆ ಕೊಡುವ ಆಯಿಲ್ ಪಂಪಿನ ಕೇಬಲ್ ತಿರುವಿದೆ. ಕಾರ್ಬೊರೇಟರ್ ಒಂದಲ್ಲ, ಎರಡು ಸಲ ಬಿಚ್ಚಿ ತೊಳೆದೆ. ಅದರೊಳಗೆ ಪೆಟ್ರೋಲ್ ಅಳೆದು ಬಿಡುವ ಜೆಟ್‌ಗಳ ಹೊಸ ಕಿಟ್ ಕೂಡ ತಂದೆ. ಒದ್ದೆ ಪ್ಲಗ್ ಹೇಳುತ್ತಿದ್ದದ್ದು ಬೇರೆ: ಪೆಟ್ರೋಲೂ ಎಣ್ಣೆಯೂ ಒಳಗೆ ಬರುತ್ತಿವೆ, ಹೊತ್ತಿಸುವವರಿಲ್ಲ. ಪೆಟ್ರೋಲ್ ಬಾರದೆ ಸತ್ತ ಸಿಲಿಂಡರಿನ ಪ್ಲಗ್ ಒಣಗಿರಬೇಕಿತ್ತು. ಇಷ್ಟು ವರ್ಷ ಸ್ಪ್ಯಾನರ್ ಹಿಡಿದವನಿಗೆ ಇದು ಹೊಳೆಯಲಿಲ್ಲ ಎಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಪಾಯಿಂಟ್‌ಗಳನ್ನು ನೋಡಲು ಎಂಜಿನ್ನಿನ ಎಡಗಡೆಯ ಕವರ್ ಬಿಚ್ಚಿದ್ದು ಹತ್ತನೆಯ ದಿನ. ಪಾಯಿಂಟಿನ ಮುಖ ಸ್ವಚ್ಛವಾಗಿತ್ತು. ಫೀಲರ್ ಗೇಜಿನಲ್ಲಿ ಅಂತರ 0.35 ಮಿಲಿಮೀಟರ್, ಇರಬೇಕಾದಷ್ಟೇ. ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಹೊಸದು ಹಾಕಿದರೂ ಏರಿನಲ್ಲಿ ಗುಣ ಕಾಣಲಿಲ್ಲ. ಮರುದಿನ ಒಂದು ಚಿಕ್ಕ 12 ವೋಲ್ಟ್ ಬಲ್ಬಿಗೆ ಎರಡು ತಂತಿ ಕಟ್ಟಿದೆ, ಒಂದು ತುದಿ ಎಡ ಪಾಯಿಂಟಿನ ತಂತಿಗೆ, ಇನ್ನೊಂದು ಎಂಜಿನ್ನಿಗೆ. ಪಾಯಿಂಟ್ ಮುಚ್ಚಿದಾಗ ಕಾಯಿಲಿನಿಂದ ಬಂದ ಕರೆಂಟ್ ನೇರ ಅರ್ತ್ ಆಗಿ ಬಲ್ಬ್ ಆರುತ್ತದೆ, ತೆರೆದಾಗ ಬಲ್ಬ್ ಉರಿಯುತ್ತದೆ. ಪಾಯಿಂಟಿನ ನಡುವೆ ಮದುವೆ ಕರೆಯೋಲೆಯ ಚೂರೊಂದನ್ನು ಸಿಕ್ಕಿಸಿ ಕೀ ಆನ್ ಮಾಡಿದೆ. ಇನ್ನು ಬಲ್ಬ್ ಆರಲು ಕಾರಣವೇ ಇಲ್ಲ. ತಂತಿಯನ್ನು ಪಾಯಿಂಟಿನಿಂದ ಹಿಂದಕ್ಕೆ ಬೆರಳಿನಲ್ಲಿ ಅಲುಗಾಡಿಸುತ್ತಾ ಹೋದೆ. ಮುಂದಿನ ಸ್ಪ್ರಾಕೆಟ್ಟಿನ ಹತ್ತಿರ ಬೆರಳು ತಲುಪಿದಾಗ ಬಲ್ಬ್ ಆರಿತು. ಬೆರಳು ತೆಗೆದೆ, ಉರಿಯಿತು. ಒತ್ತಿದೆ, ಆರಿತು. ಹತ್ತು ಸಲವಾದರೂ ಒತ್ತಿರಬೇಕು, ಖುಷಿಗೆ.

ತಂತಿಯ ಪ್ಲಾಸ್ಟಿಕ್ ಒಂದು ಕಡೆ ಚಪ್ಪಟೆಯಾಗಿ ಸೀಳಿ ತಾಮ್ರ ಇಣುಕುತ್ತಿತ್ತು. ಅದು ಎಂಜಿನ್ನಿಗೆ ತಗುಲಿದಾಗಲೆಲ್ಲ ಎಡ ಪಾಯಿಂಟ್ ತೆರೆದರೂ ಮುಚ್ಚಿದಂತೆಯೇ, ಕಿಡಿಯೇ ಇಲ್ಲ. ಅಂಗಳದಲ್ಲಿ ಭಾರವಿಲ್ಲದೆ ಓಡುವಾಗ ತಗುಲುತ್ತಿರಲಿಲ್ಲ. ಏರಿನಲ್ಲಿ ಬಿಸಿಯೂ ಅದುರೂ ಸೇರಿದಾಗ ತಗುಲುತ್ತಿತ್ತು. ಚಪ್ಪಟೆ ಮಾಡಿದ್ದು ಯಾರು? ಮಳೆಗಾಲಕ್ಕೆ ಮುನ್ನ ಚೈನ್ ಸ್ಪ್ರಾಕೆಟ್ ಬದಲಿಸಿ, ಕತ್ತಲಾಯಿತೆಂದು ಅವಸರದಲ್ಲಿ ಕವರ್ ಮುಚ್ಚಿ, ತಂತಿಯನ್ನು ಅದರ ಅಂಚಿಗೆ ಸಿಕ್ಕಿಸಿ ಸ್ಕ್ರೂ ಬಿಗಿದವನು ನಾನೇ.

ಕೆಟ್ಟ ತುಂಡನ್ನು ಕತ್ತರಿಸಿ, ಹೊಸ ತಂತಿ ಬೆಸೆದು, ಸ್ಲೀವ್ ತೊಡಿಸಿ, ಸ್ಪ್ರಾಕೆಟ್ಟಿನಿಂದ ದೂರ ಕಟ್ಟಿದೆ. ಮರುದಿನ ಸೀತಾಳಯ್ಯನಗಿರಿಯವರೆಗೆ ಒಂದೇ ಉಸಿರಿನಲ್ಲಿ ಏರಿತು. ಮೇಲೆ ಮಂಜಿನಲ್ಲಿ ಪ್ಲಗ್ ಬಿಚ್ಚಿ ನೋಡಿದರೆ ಎರಡೂ ಹುರಿದ ಕಾಫಿ ಬೀಜದ ಬಣ್ಣ. ಆ ಜೆಟ್ ಕಿಟ್ ಪೊಟ್ಟಣ ಒಡೆಯದೆ ಹಾಗೆಯೇ ಇದೆ. ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ.