ಕೆಂಪು ದಾಸವಾಳದ ನರ, ನಿರಿಗೆ ಚಿತ್ರದಲ್ಲಿ ಉಳಿಯಬೇಕಾದರೆ

ಹಿತ್ತಿಲಿನ ಕೆಂಪು ದಾಸವಾಳದಲ್ಲಿ ಎಸಳಿನ ನರ, ಅಂಚಿನ ನಿರಿಗೆ, ಬುಡದ ಕಡುಗೆಂಪು ಎಲ್ಲವೂ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತವೆ. ಅದೇ ಹೂವು ಚಿತ್ರದಲ್ಲಿ ಮಾತ್ರ ಕೆಂಪು ಕಾಗದವನ್ನು ಕತ್ತರಿಸಿ ಅಂಟಿಸಿದಂತೆ ಚಪ್ಪಟೆಯಾಗಿರುತ್ತದೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲಿ ದುಬಾರಿ ಕ್ಯಾಮೆರಾ ಹಿಡಿದವರೂ ಇಂಥ ಚಿತ್ರ ತೆಗೆದು, ಫೋಕಸ್ ಕೈಕೊಟ್ಟಿತೆಂದು ಲೆನ್ಸನ್ನು ದೂರುವುದನ್ನು ಹಲವು ಸಲ ನೋಡಿದ್ದೇನೆ. ಹೆಚ್ಚಿನ ವೇಳೆ ಫೋಕಸ್ ಸರಿಯಾಗಿಯೇ ಇರುತ್ತದೆ. ಕೆಂಪು ಬಣ್ಣವೊಂದೇ ಅಳತೆ ಮೀರಿ ಉಕ್ಕಿರುತ್ತದೆ.

ಮೊದಲು ಬೆಳಕನ್ನು ಆರಿಸಿಕೊಳ್ಳಬೇಕು. ದಾಸವಾಳ ಬೆಳಿಗ್ಗೆ ಅರಳಿ ಸಾಮಾನ್ಯವಾಗಿ ಅಂದೇ ಮುದುಡುವ ಹೂವಾದ್ದರಿಂದ, ಬಿಸಿಲೇರುವ ಮುನ್ನ ಅಥವಾ ಮೋಡ ಕವಿದಾಗ ಚಿತ್ರ ತೆಗೆಯುವುದು ಒಳ್ಳೆಯದು. ಬಿಸಿಲು ಬಿದ್ದೇಬಿಟ್ಟರೆ ಹೂವಿನ ಮೇಲೆ ಹಳೆಯ ಬಿಳಿ ಪಂಚೆಯೊಂದನ್ನು ಅಡ್ಡ ಹಿಡಿಸಿದರೆ ಸಾಕು. ಬಣ್ಣದ ಕೊಡೆ ಬೇಡ, ಅದರ ಬಣ್ಣ ಎಸಳಿಗೆ ಇಳಿಯುತ್ತದೆ. ಹೂವಿನ ಮೇಲೆ ನೀರು ಚಿಮುಕಿಸುವ ಚಾಳಿಯನ್ನೂ ಬಿಡಬೇಕು, ಏಕೆಂದರೆ ಪ್ರತಿ ಹನಿಯೂ ಒಂದು ಬಿಳಿ ಚುಕ್ಕೆಯಾಗಿ ನರವನ್ನು ಮುಚ್ಚುತ್ತದೆ.

ಮುಂದೆ ಕ್ಯಾಮೆರಾವನ್ನು, ಸಂಸ್ಕರಿಸದ ಮೂಲ ದತ್ತಾಂಶ ಉಳಿಸುವ ‘ರಾ’ ಕಡತಕ್ಕೂ, ಬಣ್ಣದ ಶೈಲಿಯನ್ನು ‘ನ್ಯೂಟ್ರಲ್’ಗೂ ಹೊಂದಿಸಿಕೊಳ್ಳಬೇಕು. ಬಣ್ಣವನ್ನು ಗಾಢಗೊಳಿಸುವ ‘ವಿವಿಡ್’ ಎಂಬುದು ಕೆಂಪು ಹೂವಿನ ಶತ್ರು.

ಎಲ್ಲರೂ ಎಡವುವುದು ಒಳಬಿಡುವ ಬೆಳಕಿನ ಪ್ರಮಾಣದಲ್ಲಿ, ಅಂದರೆ ಎಕ್ಸ್‌ಪೋಷರ್‌ನಲ್ಲಿ. ಮೂಡಿದ ಚಿತ್ರದ ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಬೆಲೆಗಳಿರುತ್ತವೆ. ಸಾಮಾನ್ಯ ಜೆಪೆಗ್ ಚಿತ್ರದಲ್ಲಿ ಒಂದೊಂದರ ಮಿತಿ 255, ಅದನ್ನು ಮುಟ್ಟಿದಲ್ಲಿ ಆ ಬಣ್ಣದ ಏರಿಳಿತ ಅಳಿಸಿಹೋಗುತ್ತದೆ. ಆದರೆ ಪರದೆಯಲ್ಲಿ ತೋರಿಸುವ ಒಂಟಿ ಬಿಳಿ ಹಿಸ್ಟೊಗ್ರಾಮ್ (ಕತ್ತಲನ್ನು ಎಡಕ್ಕೆ, ಬೆಳಕನ್ನು ಬಲಕ್ಕೆ ತೋರಿಸುವ ನಕ್ಷೆ) ಈ ಮೂರನ್ನೂ ಸಮನಾಗಿ ಎಣಿಸುವುದಿಲ್ಲ. ರೂಢಿಯ ಲೆಕ್ಕದಲ್ಲಿ ಹಸಿರಿನ ಪಾಲು ಸುಮಾರು ಶೇ 59, ಕೆಂಪಿನದು ಶೇ 30, ನೀಲಿಯದು ಶೇ 11. ಹಾಗಾಗಿ ಎಸಳಿನ ಕೆಂಪು 255ಕ್ಕೆ ಮುಟ್ಟಿ, ಉಳಿದೆರಡು ಬಣ್ಣಗಳು ಸೊನ್ನೆಯ ಹತ್ತಿರವಿದ್ದಾಗ ಹಿಸ್ಟೊಗ್ರಾಮ್ ಸುಮಾರು 76ರಲ್ಲಿ, ಅಂದರೆ ಎಡಗಡೆಯ ಕತ್ತಲಿನ ಕಡೆಗೆ ನಿಲ್ಲುತ್ತದೆ. ಅದನ್ನು ನೋಡಿದವರು ಚಿತ್ರ ಕಪ್ಪಾಯಿತೆಂದು ಬೆಳಕನ್ನು ಇನ್ನಷ್ಟು ಏರಿಸುತ್ತಾರೆ. ಅಲ್ಲಿಗೆ ಉಳಿದಿದ್ದ ನಿರಿಗೆಯೂ ಹೋಯಿತು. ಆದ್ದರಿಂದ ಮೆನುವಿನಲ್ಲಿ ಮೂರು ಬಣ್ಣಗಳನ್ನೂ ಬೇರೆ ಬೇರೆಯಾಗಿ ತೋರಿಸುವ ಆರ್‌ಜಿಬಿ ಹಿಸ್ಟೊಗ್ರಾಮನ್ನು ಹುಡುಕಿ ತೆರೆದಿಟ್ಟುಕೊಂಡು, ಕೆಂಪು ಗೆರೆಯೊಂದನ್ನೇ ಗಮನಿಸಬೇಕು. ಅದು ಬಲಗೋಡೆಗೆ ಒರಗಿದ್ದರೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ನನ್ನು, ಅಂದರೆ ಬೆಳಕನ್ನು ಏರಿಳಿಸುವ ಹೊಂದಿಕೆಯನ್ನು, ಮೂರನೇ ಒಂದು ಸ್ಟಾಪ್‌ನಂತೆ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ) ಇಳಿಸುತ್ತ, ಗೆರೆ ಗೋಡೆಯಿಂದ ತುಸು ಈಚೆಗೆ ಬರುವವರೆಗೂ ಮತ್ತೆ ಮತ್ತೆ ಚಿತ್ರ ತೆಗೆಯಬೇಕು. ನನ್ನ ದಾಸವಾಳಗಳಿಗೆ ಬಹುತೇಕ ಒಂದು ಸ್ಟಾಪ್ ಇಳಿಸಬೇಕಾಗುತ್ತದೆ. ಆಗ ಎಲೆಗಳು ಮಂಕಾಗಿ ಕಂಡರೂ ಚಿಂತೆಯಿಲ್ಲ, ಅವನ್ನು ಆಮೇಲೆ ಬೆಳಗಿಸಬಹುದು. ಬೆಳಕಿಗೆ ತಕ್ಕಂತೆ ಬಣ್ಣ ಸರಿಹೊಂದಿಸುವ ವೈಟ್ ಬ್ಯಾಲೆನ್ಸನ್ನು ‘ಶೇಡ್’ನಲ್ಲಿಟ್ಟರೆ ಕ್ಯಾಮೆರಾ ತಾನೇ ಕೆಂಪನ್ನು ಹೆಚ್ಚಿಸುವುದರಿಂದ, ನೆರಳಿನಲ್ಲಿಯೂ ನಾನು ‘ಡೇಲೈಟ್’ ಅನ್ನೇ ಬಳಸುತ್ತೇನೆ.

ಚೆಂಡುಹೂವಿನಲ್ಲಿ ಕೆಂಪಿನ ಜತೆಗೆ ಹಸಿರಿನ ಅಂಶವೂ ಇರುವುದರಿಂದ ಹಿಸ್ಟೊಗ್ರಾಮ್ ಇಷ್ಟು ಮೋಸ ಮಾಡುವುದಿಲ್ಲ. ಮೊಬೈಲಿನವರು ಎಸಳಿನ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಕೆಳಗೆಳೆದರೆ ಅರ್ಧ ಕೆಲಸ ಮುಗಿಯುತ್ತದೆ. ಸಂತೆಯಲ್ಲಿ ಸಿಗುವ, ಮೊಬೈಲಿಗೆ ಸಿಕ್ಕಿಸುವ ಅಗ್ಗದ ಮ್ಯಾಕ್ರೋ ಲೆನ್ಸಿಗೆ ಹಣ ಸುರಿಯಬೇಡಿ. ನಾನು ಕೊಂಡದ್ದು ಎಸಳಿನ ಅಂಚಿಗೆಲ್ಲ ನೇರಳೆ ಗೆರೆ ಬಳಿಯಿತು.

ಕಂಪ್ಯೂಟರಿನಲ್ಲಿ ತಿದ್ದುವಾಗ ಸ್ಯಾಚುರೇಷನ್ (ಬಣ್ಣದ ಗಾಢತೆ) ಮುಟ್ಟದೆ, ಕೆಂಪು ಬಣ್ಣದ ಲ್ಯೂಮಿನೆನ್ಸ್ (ಹೊಳಪು) ಒಂದನ್ನೇ ಸ್ವಲ್ಪ ಇಳಿಸಿ, ಚಿತ್ರವನ್ನು ಶೇ 100ಕ್ಕೆ ಹಿಗ್ಗಿಸಿ ನೋಡಬೇಕು. ಬುಡದಿಂದ ಹೊರಟ ನರ ಎಸಳಿನ ನಡುವಿನವರೆಗಾದರೂ ಎಡೆಬಿಡದೆ ಕಾಣಬೇಕು. ಕಾಣದಿದ್ದರೆ ಆ ಚಿತ್ರವನ್ನು ಬಿಟ್ಟು, ಅದರ ನಂತರ ತೆಗೆದ ಇನ್ನೂ ಮಂಕಾದ ಚಿತ್ರವನ್ನು ತೆರೆಯಿರಿ.